ಅಜ್ಜಿಯ ಎರಡನೆಯ ಪಾಪನಿವೇದನೆ

ನಮ್ಮ ನಾಯಿಗೆ ಹುಚ್ಚು ಹಿಡಿದಿದೆ ಎಂದು ಮೊದಲು ಕೂಗಿದವಳು ನಾನೇ. ಆ ತಪ್ಪು ನನ್ನದು, ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ಐವತ್ತರ ದಶಕದ ಕೊನೆಯ ಒಂದು ಬೇಸಗೆ. ಸಂತೆಕಟ್ಟೆಯಿಂದ ಒಳಗೆ, ಗದ್ದೆಯಂಚಿನಲ್ಲಿ ನಮ್ಮ ಮನೆ. ಮರುದಿನ ಈಸ್ಟರ್. ನಲವತ್ತು ದಿನ ಮಾಂಸ ಬಿಟ್ಟಿದ್ದ ನಮಗೆ ಸನ್ನ ಮತ್ತು ಹಂದಿಮಾಂಸದ ಕನಸೇ ಕನಸು. ಸನ್ನ ಅಂದರೆ ನಮ್ಮ ಇಡ್ಲಿ; ಆದರೆ ಇಡ್ಲಿಗಿಂತ ಮೆತ್ತಗೆ, ಮುಟ್ಟಿದರೆ ಮಗುವಿನ ಕೆನ್ನೆಯ ಹಾಗೆ. ಅಜ್ಜಿ ನಸುಕಿನಲ್ಲೇ ಅಕ್ಕಿ ರುಬ್ಬಿ ಮುಗಿಸಿದ್ದಳು. ಆ ಹಿಟ್ಟಿಗೆ ಏನು ಹಾಕುತ್ತಾಳೆ, ಅದನ್ನು ಉಬ್ಬಲು ಎಲ್ಲಿ ಇಡುತ್ತಾಳೆ ಎಂಬುದು ಅವಳಿಗೆ ಮಾತ್ರ ಗೊತ್ತು. ಕೇಳಿದರೆ ತಲೆಗೆ ಮೊಟಕುತ್ತಿದ್ದಳು.

ನಮ್ಮದು ಕಂದು ಬಣ್ಣದ ಊರ ನಾಯಿ. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೆಸರಿನಿಂದ ಕರೆಯುತ್ತಿದ್ದೆವು. ಅದು ಎಲ್ಲ ಹೆಸರಿಗೂ ಬಾಲ ಅಲ್ಲಾಡಿಸುತ್ತಿತ್ತು. ಅಂದು ಹನ್ನೊಂದು ಗಂಟೆಯ ಸುಮಾರಿಗೆ ಅದು ದನದ ಹಟ್ಟಿಯ ಹಿಂದಿನಿಂದ ಬಂದ ರೀತಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮುಂಗಾಲು ಬಾವಿಯ ಕಡೆಗೆ, ಹಿಂಗಾಲು ಬೇಲಿಯ ಕಡೆಗೆ! ಹೊಟ್ಟೆ ಡೋಲಿನಂತೆ ಬಿಗಿದಿದೆ, ಬಾಯಲ್ಲಿ ಬಿಳಿ ನೊರೆ. ತೆಂಗಿನಮರಕ್ಕೆ ಡಿಕ್ಕಿ ಹೊಡೆದು, ಮರವನ್ನೇ ನೋಡಿ ಗುರ್ ಅಂದಿತು.

"ಹುಚ್ಚು! ನಾಯಿಗೆ ಹುಚ್ಚು!" ಎಂದು ನಾನು ಜಗಲಿಯ ಕಟ್ಟೆ ಹತ್ತಿ ಕಿರುಚಿದೆ.

ಪಕ್ಕದ ಗದ್ದೆಯ ಯಜಮಾನರ ಹತ್ತಿರ ಕಾಡುಹಂದಿ ಹೊಡೆಯಲು ಲೈಸೆನ್ಸಿನ ಕೋವಿ ಇತ್ತು. ನನ್ನ ಕೂಗು ಮುಗಿಯುವ ಮೊದಲೇ ಅದು ಅವರ ಹೆಗಲೇರಿತ್ತು.

"ಪೊರ್ಬುಗಳೇ, ಮಕ್ಕಳಿರುವ ಮನೆ," ಎಂದರು ಅವರು ಅಪ್ಪನಿಗೆ. ಕ್ರೈಸ್ತರಾದ ನಮ್ಮನ್ನು ಅಲ್ಲಿ ಕರೆಯುವುದೇ ಹಾಗೆ. "ಒಂದೇ ಗುಂಡು. ಅದಕ್ಕೆ ಗೊತ್ತೇ ಆಗುವುದಿಲ್ಲ."

"ಸ್ವಲ್ಪ ತಾಳಿ ಅಣ್ಣಾ. ಯಾರನ್ನೂ ಕಚ್ಚಿಲ್ಲ ಅಲ್ವಾ?"

"ಕಚ್ಚಿದ ಮೇಲೆ ಎಂತ ತಾಳುವುದು ಮಾರಾಯ್ರೆ? ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಉಂಟು, ನೆನಪಿರಲಿ!"

ಅಷ್ಟರಲ್ಲಿ ನಾಯಿ ತೂರಾಡುತ್ತಾ ಹೋಗಿ ಕೋವಿಯ ನಳಿಗೆಯನ್ನೇ ಒಮ್ಮೆ ನೆಕ್ಕಿ, ಅವರ ಕಾಲಬುಡದಲ್ಲಿ ದೊಪ್ಪನೆ ಬಿತ್ತು. ನಾನು ಓಡಿಹೋಗಿ ಅಪ್ಪಿಕೊಂಡೆ. ಹುಚ್ಚು ಎಂದು ಕೂಗಿದವಳೂ ನಾನೇ, ಹುಚ್ಚಲ್ಲ ಎಂದು ಅತ್ತವಳೂ ನಾನೇ. ಯಜಮಾನರು ಕೋವಿ ತಗ್ಗಿಸಿದರು.

"ಉಡುಪಿಗೆ ತೆಗೆದುಕೊಂಡು ಹೋಗಿ. ಸಂಜೆಯೊಳಗೆ ಡಾಕ್ಟ್ರು ಹುಚ್ಚಲ್ಲ ಅಂದರೆ ಸರಿ. ಇಲ್ಲದಿದ್ದರೆ ನಾನು ಇಲ್ಲೇ ಇದ್ದೇನೆ."

ಬಾಯಿಗೆ ಬಟ್ಟೆ ಕಟ್ಟಿ, ನಾಯಿಯನ್ನು ಗೋಣಿಯಲ್ಲಿ ತಲೆ ಮಾತ್ರ ಹೊರಗಿರುವಂತೆ ಸುತ್ತಿ ರಸ್ತೆಗೆ ತಂದೆವು. ಬಸ್ಸಿನ ಕಂಡಕ್ಟರ್ ಇಣುಕಿ ನೋಡಿ, "ಇದಕ್ಕೆ ಟಿಕೆಟ್ ಕೊಟ್ಟರೆ ಉಳಿದವರೆಲ್ಲ ಇಳಿದು ಹೋಗ್ತಾರೆ," ಎಂದು ಸೀಟಿ ಊದಿಬಿಟ್ಟ. ಕೊನೆಗೆ ಬಾಡಿಗೆ ಕಾರು. ಹಬ್ಬದ ಮಾಂಸಕ್ಕೆಂದು ಇಟ್ಟಿದ್ದ ದುಡ್ಡು ಅಪ್ಪನ ಕಿಸೆಯಿಂದ ಹೊರಟದ್ದು ಹಾಗೆ. ಕಾರು ಹೊರಡುವಾಗ ಅಜ್ಜಿ ಜಪಸರ ಹಿಡಿದುಕೊಂಡು ಓಡಿಬಂದು ಹತ್ತಿ ಕೂತಳು.

"ಅತ್ತೇ, ಹಬ್ಬದ ಕೆಲಸ?" ಎಂದು ಅಮ್ಮ ಕೂಗಿದಳು.

"ಕೆಲಸ ಅಲ್ಲಿರಲಿ. ನೀನು ಬಾಗಿಲು ಹಾಕು!"

ಈಸ್ಟರಿನ ಮುನ್ನಾ ದಿನ ಅಜ್ಜಿ ಅಡುಗೆಮನೆ ಬಿಟ್ಟು ಹೊರಟದ್ದು ಅದೇ ಮೊದಲು. ದಾರಿಯುದ್ದಕ್ಕೂ ಅವಳು ನಾಯಿಯ ಮುಖ ನೋಡಲಿಲ್ಲ. ಮಣಿ ಎಣಿಸಿದ್ದೇ ಎಣಿಸಿದ್ದು.

ದನದ ಆಸ್ಪತ್ರೆಯ ಡಾಕ್ಟರು ಘಟ್ಟದ ಮೇಲಿನವರು, ತರುಣರು. ಫಿನಾಯಿಲಿನ ವಾಸನೆಯ ಆ ಕೋಣೆಯಲ್ಲಿ ನಾಯಿಯ ಕಣ್ಣು ಬಿಡಿಸಿ ನೋಡಿದರು, ಹೊಟ್ಟೆ ತಟ್ಟಿದರು.

"ಹುಚ್ಚಲ್ಲ ಕಣ್ರೀ. ಏನೋ ವಿಷ. ಏನ್ ತಿಂದಿತ್ತು?"

"ಬೆಳಿಗ್ಗೆ ಗಂಜಿ," ಎಂದರು ಅಪ್ಪ.

"ಗಂಜಿ ಕುಡಿದು ಹಿಂಗಾಗುತ್ತೇನ್ರೀ? ಯಾವ ವಿಷ ಅಂತ ಗೊತ್ತಾಗ್ದೆ ಔಷಧಿ ಕೊಟ್ರೆ ಔಷಧೀನೇ ಕೊಲ್ಲುತ್ತೆ. ಉಸಿರು ನೋಡಿ, ಆಗಲೇ ನಿಧಾನ ಆಗ್ತಿದೆ." ಅವರು ಚೀಟಿಯಲ್ಲಿ ಎರಡು ಇಂಜೆಕ್ಷನ್ ಬರೆದರು. ಅಪ್ಪ ಚೀಟಿ ಹಿಡಿದು ಔಷಧಿ ಅಂಗಡಿಗೆ ಓಡಿದರು.

ಅಪ್ಪ ಗೇಟು ದಾಟಿದ್ದೇ ತಡ, ಅಜ್ಜಿ ಎದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಹೊರಗೆ ಜಗಲಿಗೆ ಹೋಗಿ, ಕೋಣೆಯ ಕಿಟಕಿಯ ಸರಳುಗಳ ಹೊರಬದಿಯಲ್ಲಿ ಮೊಣಕಾಲೂರಿ ಕೆಮ್ಮಿದಳು. ಇಗರ್ಜಿಯಲ್ಲಿ ಪಾಪನಿವೇದನೆಗೆ ಪಾದ್ರಿಗಳ ಮುಂದೆ ಕೂರುವುದು ಥೇಟ್ ಹಾಗೆಯೇ, ನಡುವೆ ಒಂದು ಜಾಲರಿ.

"ಡಾಕ್ಟ್ರೆ, ಕಿವಿ ಸ್ವಲ್ಪ ಇಲ್ಲಿ ಕೊಡಿ."

"ಒಳಗೇ ಬಂದು ಹೇಳಿ ಅಮ್ಮಾ!"

"ಇಲ್ಲ, ಇದನ್ನು ಹೀಗೆಯೇ ಹೇಳುವುದು."

ಪಾಪ, ಆ ಮನುಷ್ಯ ಕಕ್ಕಾಬಿಕ್ಕಿಯಾಗಿ ಸರಳಿಗೆ ಕಿವಿಯಿಟ್ಟರು. ನಾಯಿಯ ತಲೆ ಹಿಡಿದು ಕೂತ ನನಗೂ ಎಲ್ಲ ಕೇಳಿಸುತ್ತಿತ್ತು.

"ಗುರುವಾರ ಅಷ್ಟೇ ಪಾಪನಿವೇದನೆ ಮಾಡಿದ್ದೆ. ಇವತ್ತು ಮತ್ತೆ ಮಾಡಿದೆ ಪಾಪ. ಸನ್ನದ ಹಿಟ್ಟಿಗೆ ಕಳ್ಳು ಹಾಕಿದ್ದೇನೆ."

ಆಗ ನಮ್ಮ ಕಡೆ ಪಾನನಿರೋಧ. ಒಂದು ಕುಡ್ತೆ ಕಳ್ಳು ಸಿಕ್ಕರೂ ಪೊಲೀಸರು ಕರೆದೊಯ್ಯುತ್ತಿದ್ದರು. ಕಳ್ಳಿಲ್ಲದೆ ಸನ್ನ ಉಬ್ಬುವುದಿಲ್ಲ, ಸನ್ನವಿಲ್ಲದೆ ನಮಗೆ ಈಸ್ಟರ್ ಇಲ್ಲ. ವಾಸನೆ ರಸ್ತೆಗೆ ಬಾರದಿರಲಿ ಎಂದು ಅಜ್ಜಿ ಹಿಟ್ಟಿನ ಪಾತ್ರೆಯನ್ನು ಹಟ್ಟಿಯ ಹಿಂದಿನ ಬೈಹುಲ್ಲಿನೊಳಗೆ ಹುಗಿದಿದ್ದಳು. ನಾಯಿ ಬಿದ್ದ ಹೊತ್ತಿನಲ್ಲಿ ಹೋಗಿ ನೋಡಿದರೆ ಪಾತ್ರೆ ಖಾಲಿ. ಸರಕಾರಿ ಡಾಕ್ಟರಿಗೆ ಹೇಳಿದರೆ ಜೈಲು, ಹೇಳದಿದ್ದರೆ ನಾಯಿಯ ಪ್ರಾಣ.

"ಎಷ್ಟು ಹಿಟ್ಟಮ್ಮಾ?"

"ಎರಡು ಸೇರು ಅಕ್ಕಿಯದ್ದು."

"ಅರ್ಧ ತಿಂದಿರಬಹುದಾ?"

"ಪಾತ್ರೆ ತೊಳೆಯುವ ಕೆಲಸವೂ ಇಟ್ಟಿಲ್ಲ!"

ಡಾಕ್ಟರು ಛಂಗನೆ ನೆಗೆದರು. "ಅಯ್ಯೋ, ಹಿಟ್ಟು ಹೊಟ್ಟೇಲೇ ಉಬ್ತಾ ಇದೆ! ನೀರು! ಬಾವಿ ನೀರು ತಣ್ಣಗಿರೋದು ತನ್ನಿ!"

ಆಮೇಲಿನ ಗಲಾಟೆಯನ್ನು ಏನು ಹೇಳಲಿ! ಅಜ್ಜಿ ಎಪ್ಪತ್ತರ ಪ್ರಾಯವನ್ನು ಮರೆತು ಬಾವಿಯಿಂದ ಕೊಡ ಕೊಡ ಸೇದಿ ತಂದಳು. ಡಾಕ್ಟರು ನಾಯಿಯ ಬಾಯಿಯ ಬಟ್ಟೆ ಬಿಚ್ಚಿ ರಬ್ಬರ್ ಕೊಳವೆ ಇಳಿಸಿದರು. ನಾನು ಹಿಂಗಾಲು ಹಿಡಿದೆ. ನೀರು ಒಳಗೆ, ಹಿಟ್ಟು ಹೊರಗೆ! ಬುಳುಬುಳು ಬಿಳಿ ನೊರೆ ನನ್ನ ಲಂಗ, ಡಾಕ್ಟರ ಬೂಟು, ಎಲ್ಲವನ್ನೂ ತೋಯಿಸಿತು. ಫಿನಾಯಿಲಿನ ವಾಸನೆ ಅಡಗಿ, ಕೋಣೆಯೆಲ್ಲ ಈಸ್ಟರಿನ ವಾಸನೆ! ಹೊಟ್ಟೆ ಇಳಿಯಿತು, ಉಸಿರು ಸರಾಗವಾಯಿತು. ಕೊನೆಗೆ ನಾಯಿ ಒಂದು ಕಣ್ಣು ತೆರೆದು ಬಾಲದ ತುದಿಯನ್ನು ಒಮ್ಮೆ ನೆಲಕ್ಕೆ ಬಡಿದಾಗ ಮೂವರೂ ಒಟ್ಟಿಗೆ ಕೂಗಿದೆವು.

ಅಪ್ಪ ಬೆವರು ಸುರಿಸುತ್ತಾ ತಂದ ದುಬಾರಿ ಇಂಜೆಕ್ಷನ್ ಬೇಕಾಗಲೇ ಇಲ್ಲ. ಅಂಗಡಿಯವರು ಅದನ್ನು ವಾಪಸು ತೆಗೆದುಕೊಳ್ಳಲೂ ಇಲ್ಲ. ಹಿಟ್ಟನ್ನು ನಾಯಿ ತಿಂದಿತು, ಮಾಂಸದ ದುಡ್ಡನ್ನು ಕಾರು ಮತ್ತು ಡಾಕ್ಟರ ಚೀಟಿ ತಿಂದವು.

ಡಾಕ್ಟರು ದೊಡ್ಡ ರಿಜಿಸ್ಟರ್ ಬಿಡಿಸಿದರು. "ಕಾರಣ ಬರೀಬೇಕಲ್ಲ." ಅಜ್ಜಿ ಕಣ್ಣು ಮುಚ್ಚಿಕೊಂಡಳು. ಅವರು ಬರೆಯುತ್ತಾ ಗಟ್ಟಿಯಾಗಿ ಓದಿದರು, "ಹಬ್ಬದ ಹಿಟ್ಟು ತಿಂದು ಅಜೀರ್ಣ." ಮತ್ತೆ ಅಜ್ಜಿಯ ಕಡೆ ತಿರುಗಿ, "ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ನೀರು ಕುಡಿಸ್ಬೇಕು. ರಾತ್ರಿವರೆಗೂ. ನೀವೇ ಕುಡಿಸ್ಬೇಕು," ಎಂದರು.

ಅಜ್ಜಿ ಅದನ್ನು ಪ್ರಾಯಶ್ಚಿತ್ತವೆಂದೇ ಸ್ವೀಕರಿಸಿದಳು. ಬರುವಾಗ ಕಾರಿನಲ್ಲಿ ಕೂತೇ ಮೊದಲ ಸಲದ ನೀರು ಕುಡಿಸಿ, ಒಂದು ಮಣಿ ಸರಿಸಿದಳು.

ಮನೆಯ ಜಗಲಿಯಲ್ಲಿ ಯಜಮಾನರು ಕೋವಿಯ ಸಮೇತ ಕಾಯುತ್ತಿದ್ದರು. ನಾಯಿ ತಾನಾಗಿಯೇ ಕಾರಿನಿಂದ ಇಳಿದು ಹೋಗಿ ಅವರ ಮಡಿಲಿಗೆ ತಲೆಯಿಟ್ಟಿತು.

"ಹುಚ್ಚಲ್ಲವಂತೆ!" ನಾನು ಕುಣಿದೆ.

"ಮತ್ತೆಂತ ಆದದ್ದು?"

ಅಪ್ಪ ಅಜ್ಜಿಯನ್ನು ನೋಡಿದರು. ಅಜ್ಜಿ ಆಕಾಶ ನೋಡಿದಳು. "ಬಿಸಿಲು," ಎಂದಳು. "ಬಿಸಿಲು ತಲೆಗೆ ಹೊಡೆದದ್ದು."

ಯಜಮಾನರು ಬಗ್ಗಿ ನಾಯಿಯ ಬಾಯಿಯನ್ನು ಮೂಸಿದರು. ಇನ್ನೊಮ್ಮೆ, ನಿಧಾನವಾಗಿ ಮೂಸಿದರು. ಆಮೇಲೆ ಕೋವಿಯಿಂದ ತೋಟೆ ತೆಗೆದು ಕಿಸೆಗೆ ಹಾಕಿಕೊಂಡು ಎದ್ದು ನಿಂತರು.

"ಅಮ್ಮಾ, ಈ ಬಿಸಿಲು ಎಲ್ಲಿ ಸಿಗ್ತದೆ? ನನಗೂ ಒಂದು ಕುಡ್ತೆ ಬೇಕಿತ್ತು."