ತಗ್ಗಿನ ಮಡಿಯ ಬಿಳಿ ಹರಳು

ಸೋರುವ ನಲ್ಲಿಯ ಬುಡದಲ್ಲಿ ಇವತ್ತು ಬಿಳಿ ಹರಳು ಕಟ್ಟಿತ್ತು. ಒರೆಸಲು ಹೋದವಳಿಗೆ ದೋರನಹಳ್ಳಿಯ ನಮ್ಮ ಹೊಲ ಕಣ್ಣ ಮುಂದೆ ಬಂತು.

ಕಾಲುವೆ ಬಂದ ಮೇಲೆ ಅಪ್ಪ ಜೋಳ ಬಿಟ್ಟು ಭತ್ತ ಹಚ್ಚಿದ್ದ. ನೀರು ಕಟ್ಟುವುದೆಂದರೆ ಅವನಿಗೆ ಹಬ್ಬ. ಕೆಲವು ಸುಗ್ಗಿ ಕಳೆದು, ಒಂದು ಬೇಸಿಗೆಯಲ್ಲಿ ತಗ್ಗಿನ ಮಡಿಯೆಲ್ಲ ಬೆಳ್ಳಗೆ ಹೊಳೆಯಿತು. ನಾನು ಆ ಬಿಳಿ ಹರಳನ್ನು ಲಂಗದ ತುಂಬ ಬಳಿದುಕೊಂಡು ಅಜ್ಜಿಯ ಬಳಿ ಓಡಿದೆ.

"ಆಯಿ, ನಮ್ಮ ಹೊಲದಾಗ ಸಕ್ಕರಿ ಬೆಳದದ!"

ಅಜ್ಜಿ ಹರಳನ್ನು ಬಿಸಿಲಿಗೆ ಹಿಡಿದಳು. ಸಕ್ಕರೆಯ ಮೂಲೆಗಳಿರಲಿಲ್ಲ, ಸೂಜಿಯಂಥ ಎಳೆಗಳಿದ್ದವು. ನಾಲಿಗೆಗೆ ಹಚ್ಚಿ ಉಗುಳಿದಳು.

"ಸಕ್ಕರಿ ಅಲ್ಲವ್ವಾ, ಸವಳು. ನೆಲದಾಗಿನ ಉಪ್ಪು ಮ್ಯಾಲ ಬಂದದ. ಎರಿ ಮಣ್ಣಿನ ಹೊಲಕ್ಕ ಅತಿ ನೀರು ಕುಡಿಸಿದ್ರ ಹಿಂಗಾಗ್ತದ. ಇನ್ನ ಆ ಮಡ್ಯಾಗ ಏನೂ ಬೆಳಿಯಂಗಿಲ್ಲ."

ಬಾಗಿಲಲ್ಲಿದ್ದ ಅಪ್ಪ ನನ್ನ ಲಂಗದಿಂದ ಒಂದು ಚಿಟಿಕೆ ತೆಗೆದು ಬಾಯಿಗಿಟ್ಟುಕೊಂಡ. ಅವನು ಉಗುಳಲಿಲ್ಲ.

ಹರಳು ಒರೆಸಿ, ನಲ್ಲಿಯನ್ನು ಇನ್ನಷ್ಟು ಬಿಗಿದೆ.