ಹೋನಿಯ ಸಾವಿಗೆ ಇಬ್ಬರು ಸಾಕ್ಷಿಗಳು

ಬಡಗಿಯ ಹಿರಿಮಗನ ಹೆಸರು ಹೊರಗಿನ ಊರುಗಳಲ್ಲಿ ಕೇಳಿಬರತೊಡಗಿದ ಮೇಲೆ ನಜರೇತಿಗೆ ಜನ ಬರುತ್ತಾರೆ. ಚಿಕ್ಕಂದಿನಲ್ಲಿ ಆತ ಹೇಗಿದ್ದ, ಏನು ಮಾಡುತ್ತಿದ್ದ ಎಂದು ಬಾವಿಯ ಹತ್ತಿರ ನಿಂತು ವಿಚಾರಿಸುತ್ತಾರೆ. ಊರಿಗೆ ಹೇಳಲು ಹೆಚ್ಚೇನೂ ಇಲ್ಲ. ಅಪ್ಪನ ಜೊತೆ ನೊಗ ಕೆತ್ತಿದ, ಬಾಗಿಲು ಕೂರಿಸಿದ, ಮಳೆಗಾಲಕ್ಕೆ ಮುಂಚೆ ಮಾಳಿಗೆಗಳಿಗೆ ಮಣ್ಣು ಮೆತ್ತಿದ, ಅಷ್ಟೇ. ಅದೇ ಓಣಿಯಲ್ಲಿ, ಆ ಮನೆಯಿಂದ ನಾಲ್ಕು ಬಾಗಿಲು ಕೆಳಗೆ, ಶಫೀರಾ ಎಂಬ ಹೆಂಗಸು ಬದುಕಿದ್ದಳು. ಅವಳ ವಿಷಯ ಯಾರೂ ಕೇಳುವುದಿಲ್ಲ. ಕೇಳದಿದ್ದರೆ ಬೇಡ. ಈಗ ಅವಳ ರಕ್ತದವರು ಒಬ್ಬರೂ ಉಳಿದಿಲ್ಲ, ಬಾಯಿ ಬಿಟ್ಟರೆ ಯಾರಿಗೂ ಕೇಡಾಗುವುದಿಲ್ಲ, ಹೇಳಿಬಿಡಬಹುದು.

ಶಫೀರಾ ಹದಿನೈದಕ್ಕೆ ಹೋನಿಯ ಕೈಹಿಡಿದಳು. ಹೋನಿ ಗುಡ್ಡದ ಸುಣ್ಣಕಲ್ಲನ್ನು ಕಡಿದು ಬಟ್ಟಲು, ತಂಬಿಗೆ ಮಾಡುವವನು. ಮಣ್ಣಿನ ಪಾತ್ರೆಗೆ ಮೈಲಿಗೆ ತಗುಲಿದರೆ ಒಡೆದು ಹಾಕಬೇಕು, ಕಲ್ಲಿಗೆ ಮೈಲಿಗೆಯಿಲ್ಲ. ಹಾಗಾಗಿ ಬಡವರ ಮನೆಯಲ್ಲೂ ಒಂದು ಕಲ್ಲು ಬಟ್ಟಲು ಇರಬೇಕು. ಮಾಡಿದ ಬಟ್ಟಲನ್ನು ಕೊಡುವ ಮುಂಚೆ ಹೋನಿ ಅದರ ಅಂಚಿಗೆ ಉಗುರಿನಿಂದ ತಟ್ಟಿ ಕಿವಿಗೆ ಹಿಡಿಯುತ್ತಿದ್ದ. ಬಿರುಕಿದ್ದರೆ ಸದ್ದಿನಲ್ಲೇ ತಿಳಿಯುತ್ತದೆ. ಕೈಬಿಚ್ಚಿ ಕೊಡುವ ಮನುಷ್ಯ. ಹಗ್ಗ ಕೇಳಿದವನಿಗೆ ಹಗ್ಗ, ಉಳಿ ಕೇಳಿದವನಿಗೆ ಉಳಿ. ಚಳಿಯಲ್ಲಿ ನಡುಗುವವನು ಕಂಡರೆ ಹೆಗಲ ಕಂಬಳಿಯನ್ನೇ ಕೊಟ್ಟು ಬರಿಮೈಯಲ್ಲಿ ಮನೆಗೆ ಬರುತ್ತಿದ್ದ. ಆ ಕಂಬಳಿ ಶಫೀರಾ ನೇಯ್ದದ್ದು. ಕರಿ ಉಣ್ಣೆ ಸಾಲದೆ ಕೊನೆಯ ಗೇಣಿಗೆ ಬಿಳಿಯದು ಹಾಕಿದ್ದಳು. ಊರಿಗೆಲ್ಲ ಅದರ ಗುರುತಿತ್ತು. ಕಂಬಳಿ ವಾಪಸು ಬರುವವರೆಗೆ ಅವಳು ಅವನನ್ನು ಬೈಯುತ್ತಿದ್ದಳು, ಅವನು ನಗುತ್ತಿದ್ದ.

ಮುದಿ ದೊರೆ ಸತ್ತ ವರ್ಷ ಸಿಪ್ಪೋರಿ ಪಟ್ಟಣದವರು ಆಯುಧಶಾಲೆಯ ಬಾಗಿಲು ಮುರಿದರು. ರೋಮಿನ ದಂಡು ಬಂದು ಪಟ್ಟಣಕ್ಕೆ ಬೆಂಕಿಯಿಟ್ಟಿತು, ಬದುಕಿದ್ದವರನ್ನು ಹಗ್ಗಕ್ಕೆ ಕಟ್ಟಿ ಮಾರಿತು. ಸಿಪ್ಪೋರಿ ನಮ್ಮೂರಿಗೆ ಗುಡ್ಡದಾಚೆ, ಹೆಚ್ಚೆಂದರೆ ಒಂದು ತಾಸಿನ ದಾರಿ. ಬೆಂಕಿ ಬಿದ್ದ ದಿನ ಬೆಳಿಗ್ಗೆ ಹೋನಿ ಕತ್ತೆಯ ಮೇಲೆ ಬಟ್ಟಲು ಹೇರಿಕೊಂಡು ಅಲ್ಲಿಗೇ ಹೋಗಿದ್ದ. ಮೂರು ದಿನ ಗುಡ್ಡದ ಮೇಲೆ ಹೊಗೆ ಕಂಡಿತು. ಅವನು ಬರಲಿಲ್ಲ.

ನಮ್ಮ ಕಟ್ಟಳೆಯಲ್ಲಿ ಗಂಡ ಕಾಣೆಯಾದವಳು ವಿಧವೆಯಲ್ಲ, ಮದುವೆಯಾದವಳ ಸುಖವೂ ಅವಳಿಗಿಲ್ಲ. ಸತ್ತದ್ದನ್ನು ಕಂಡೆ ಎನ್ನುವ ಒಬ್ಬ ಸಾಕ್ಷಿ ಸಿಗುವ ತನಕ ಕಟ್ಟಿಹಾಕಿದ ಹಾಗೇ ಇರಬೇಕು. ಎರಡು ವರ್ಷ ಶಫೀರಾ ಹಾಗಿದ್ದಳು. ಮೂರನೆಯ ವರ್ಷ ಗುಹೆಗಳಲ್ಲಿ ತಲೆಮರೆಸಿಕೊಂಡಿದ್ದ ಯಾಕೀಮನೆಂಬ ಕುರುಬ ಊರಿಗೆ ಮರಳಿ, ಸಿಪ್ಪೋರಿಯ ಇಳಿಜಾರಿನಲ್ಲಿ ಹೋನಿಯ ಹೆಣ ಕಂಡೆ ಎಂದ. ಹಿರಿಯ ಹಲಫ್ತ ಸಭೆ ಕೂಡಿಸಿದರು. ಮುಖ ನೋಡಿದೆಯಾ ಎಂದು ಕೇಳಿದರು. ಕಂಬಳಿ ನೋಡಿದೆ, ಕರಿಯದು, ಅಂಚು ಬಿಳಿ ಎಂದ ಯಾಕೀಮ. ಬಟ್ಟೆ ಎರವಲು ಹೋಗುವ ವಸ್ತು, ಅದರಿಂದ ಸತ್ತವನನ್ನು ಗುರುತಿಸಬಾರದು, ಮೂಗು ಸಮೇತ ಮುಖ ಕಂಡಿರಬೇಕು. ಇದು ಹಲಫ್ತರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಎದುರಿಗೆ ಇಪ್ಪತ್ತು ತುಂಬದ ಹುಡುಗಿ ನಿಂತಿದ್ದಳು, ಅವರ ಕರುಳು ಕರಗಿತ್ತು. ಮೂರು ಸಲ ಅದೇ ಪ್ರಶ್ನೆ ಕೇಳಿದರು. ಮೂರನೆಯ ಸಲ ಯಾಕೀಮ ನೆಲ ನೋಡುತ್ತ, ಅವನೇ, ಮುಖವೂ ಅವನದೇ ಎಂದ.

ಹೋನಿಯ ತಾಯಿ ಹನ್ನಾ ಎದ್ದು ಕೂಗಾಡಿದಳು. ನನ್ನ ಮಗ ಕಂಬಳಿಯನ್ನು ಯಾರಿಗೆ ಬೇಕಾದರೂ ಕೊಡುವವನು, ಅವಳನ್ನೇ ಕೇಳಿ, ಹೆಂಡತಿಗೆ ಗೊತ್ತು ಎಂದಳು. ಎಲ್ಲರೂ ಶಫೀರಾಳ ಮುಖ ನೋಡಿದರು. ಅವಳು ತುಟಿ ಬಿಚ್ಚಲಿಲ್ಲ. ದಣಿದುಹೋಗಿದ್ದಳು, ಕಾಯುವುದು ಮುಗಿದರೆ ಸಾಕಾಗಿತ್ತು. ಹೆತ್ತ ಕರುಳು ಹಾಗೇ ಅನ್ನುತ್ತದೆ ಎಂದು ಮುದುಕಿಯನ್ನು ಕೂರಿಸಿದರು.

ಮುಂದೆ ಶಫೀರಾ ಎಣ್ಣೆಗಾಣದ ಬೆನಾಯನನ್ನು ಮದುವೆಯಾದಳು. ಮೆತ್ತಗಿನ ಮನುಷ್ಯ. ಯೆದೀದಾ ಎಂಬ ಮಗಳು ಹುಟ್ಟಿದಳು. ಹನ್ನಾ ಮಾತ್ರ ಬಟ್ಟೆ ಹರಿದುಕೊಳ್ಳಲಿಲ್ಲ, ನೆಲದ ಮೇಲೆ ಕೂತು ಶೋಕ ಆಚರಿಸಲಿಲ್ಲ. ಮಗನ ಪಾಲಿನ ರೊಟ್ಟಿ ದಿನವೂ ತೆಗೆದಿಟ್ಟಳು. ಶಫೀರಾ ನೀರು ಹೊತ್ತು ಓಣಿಯಲ್ಲಿ ಹಾದರೆ ಸಾಕು, ಇಬ್ಬರು ಗಂಡಂದಿರವಳು ಬಂದಳು ಎಂದು ಬಾಗಿಲಲ್ಲಿ ಕೂತೇ ಹೇಳುತ್ತಿದ್ದಳು. ಕಣ್ಣು ಮಂಜಾದ ಮೇಲೂ ಹೆಜ್ಜೆ ಸದ್ದಿನಲ್ಲೇ ಗುರುತಿಸಿ ಬೈದಳು. ಶಫೀರಾ ಒಂದು ದಿನವೂ ಎದುರಾಡಲಿಲ್ಲ. ಮುದುಕಿಯ ಮಾತು ನಿಜವಿದ್ದರೂ ಇರಬಹುದೆಂಬ ಭಯ ಅವಳನ್ನು ಬಿಟ್ಟಿರಲಿಲ್ಲ.

ನಮ್ಮೂರಿನ ನಾಲಿಗೆ ಎಂಥದೆಂದು ಅವಳು ಕಂಡಿದ್ದಳು. ಬಡಗಿಯ ಹೆಂಡತಿ ಚೊಚ್ಚಲ ಮಗುವನ್ನು ಎತ್ತಿಕೊಂಡು ಊರಿಗೆ ಬಂದಾಗ ಬಾವಿಯ ಹತ್ತಿರ ಬೆರಳು ಮಡಿಸಿ ತಿಂಗಳು ಎಣಿಸಿದವರೇ ಎಲ್ಲರೂ. ಸಾಕ್ಷಿಯಿಲ್ಲ, ಪುರಾವೆಯಿಲ್ಲ, ಬರೀ ಬಾಯಿಚಪಲ. ಆದರೂ ದೊಡ್ಡವರ ಮಾತು ಚಿಕ್ಕವರ ಕಿವಿಗೆ ಬಿತ್ತು. ಒಂದು ಮಧ್ಯಾಹ್ನ ಕಣದಲ್ಲಿ ಹುಡುಗರು ಆ ಹಿರಿಮಗನಿಗೆ ಕೆಟ್ಟ ಮಾತೊಂದನ್ನು ಅಂದು ಆಟದಿಂದ ಹೊರಗಿಟ್ಟರು. ಅವನು ಗೋಡೆಗೆ ಬೆನ್ನು ಕೊಟ್ಟು ಅವರ ಆಟ ನೋಡುತ್ತ ನಿಂತದ್ದನ್ನು ಶಫೀರಾ ಕಂಡಳು. ಸುಳ್ಳು ಮಾತಿಗೇ ಹೀಗಾದರೆ ನಿಜಕ್ಕೆ ಏನಾದೀತು ಎಂದು ಅವಳು ತನ್ನ ಮಗಳನ್ನು ನೆನೆದಳು. ಗಂಡ ಬದುಕಿದ್ದಾಗ ಇನ್ನೊಬ್ಬನಿಗೆ ಹುಟ್ಟಿದ ಮಗುವನ್ನು ಹತ್ತು ತಲೆಮಾರು ಯಾರೂ ಮದುವೆಗೆ ಸೇರಿಸುವುದಿಲ್ಲ. ಯೆದೀದಾಳನ್ನು ಕಾನಾ ಊರಿನ ಒಳ್ಳೆಯ ಮನೆಗೆ ಕೊಡುವ ಮಾತಾಗಿತ್ತು. ಕೊಟ್ಟದ್ದೂ ಹೌದು, ಎರಡೇ ವರ್ಷಕ್ಕೆ ಚೊಚ್ಚಲ ಹೆರಿಗೆಯಲ್ಲಿ ತಾಯಿ ಮಗು ಎರಡೂ ಹೋದವು. ಅದು ಆಮೇಲಿನ ಮಾತು.

ಯೆದೀದಾಳಿಗೆ ಹತ್ತು ನಡೆಯುತ್ತಿದ್ದಾಗ, ಜವೆಗೋಧಿ ಕೊಯ್ಲಿನ ಒಂದು ಮಧ್ಯಾಹ್ನ, ಶಫೀರಾ ಅಂಗಳದ ಒಲೆಯ ಒಳಗೋಡೆಗೆ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲಿ ಒಬ್ಬ ಬಂದು ನಿಂತ. ಹಣೆಗೆ ಗುಲಾಮರ ಬರೆ ಬಿದ್ದಿತ್ತು, ಮೂಗು ಸೊಟ್ಟಗಾಗಿತ್ತು, ತಲೆ ಪೂರ್ತಿ ಬೆಳ್ಳಗಾಗಿತ್ತು. ಹೊಗೆ ಕುಡಿದು ಕೆಟ್ಟ ಗಂಟಲಲ್ಲಿ ನೀರು ಕೇಳಿದ. ಯೆದೀದಾ ಕಲ್ಲು ಬಟ್ಟಲಲ್ಲಿ ತಂದುಕೊಟ್ಟಳು. ಅವನು ಕುಡಿದು, ಖಾಲಿ ಬಟ್ಟಲ ಅಂಚಿಗೆ ಉಗುರಿನಿಂದ ತಟ್ಟಿ ಕಿವಿಗೆ ಹಿಡಿದ. ಶಫೀರಾಳ ಕೈ ಒಲೆಯೊಳಗೇ ನಿಂತಿತು. ಮೊಣಕೈವರೆಗೆ ಸುಟ್ಟದ್ದು ಅವಳಿಗೆ ಸಂಜೆಯವರೆಗೂ ತಿಳಿಯಲಿಲ್ಲ.

ಬಿಸಿ ರೊಟ್ಟಿ ಕೊಟ್ಟು ಮಗಳನ್ನು ಗಾಣಕ್ಕೆ ಕಳಿಸಿದಳು.

"ನೀನು ಸತ್ತೆ ಅಂದ್ರು," ಎಂದಳು. "ಯಾಕೀಮ ಕಂಬಳಿ ನೋಡಿದ್ನಂತೆ."

ಹೋನಿ ಬಟ್ಟಲನ್ನು ಕೆಳಗಿಟ್ಟ. "ಅದನ್ನ ಒಬ್ಬ ಹುಡುಗನಿಗೆ ಕೊಟ್ಟಿದ್ದೆ ಕಣೇ. ಪಾಪ, ನಡುಗ್ತಿದ್ದ. ನೀನು ಬೈತೀಯ ಅಂತ ದಾರಿಯೆಲ್ಲ ಅಂದ್ಕೊಂಡೇ ಹೋದೆ."

ತೂರ್ ಪಟ್ಟಣದಲ್ಲಿ ತನ್ನನ್ನು ಮಾರಿದ್ದು, ಕುಪ್ರದ್ವೀಪದ ತಾಮ್ರದ ಗಣಿಯಲ್ಲಿ ಹೊಗೆ ಕುಡಿದದ್ದು, ಅಲ್ಲಿಯ ನಮ್ಮವರು ವಂತಿಗೆ ಎತ್ತಿ ಬಿಡಿಸಿದ್ದು, ಎಲ್ಲ ನಾಲ್ಕು ಮಾತಿನಲ್ಲಿ ಹೇಳಿದ. ಆಮೇಲೆ ಆ ಹುಡುಗಿ ಯಾರು ಎಂದು ಕೇಳಿದ. ಶಫೀರಾ ಹೇಳಿದಳು. ಹೋನಿಗೆ ಕಟ್ಟಳೆ ಗೊತ್ತಿತ್ತು, ಬಿಡಿಸಿ ಹೇಳಬೇಕಾಗಿರಲಿಲ್ಲ. ತಾನು ಬದುಕಿದ್ದೇನೆ ಎಂದೊಡನೆ ಶಫೀರಾ ಇಬ್ಬರು ಗಂಡಂದಿರನ್ನೂ ಬಿಟ್ಟು ಹೊರಡಬೇಕು, ಹುಡುಗಿಯ ಬಾಳು ಅಲ್ಲಿಗೆ ಮುಗಿಯಿತು. ಅವನು ಗೋಡೆಯ ಬುಡದಲ್ಲಿ ಕೂತ.

"ನಂದೇ ತಪ್ಪು," ಎಂದಳು ಶಫೀರಾ. "ನೀನು ಕಂಬಳಿ ಕೊಡೋನು ಅಂತ ನನಗೆ ಗೊತ್ತಿತ್ತು. ಸಭೇಲಿ ಬಾಯಿ ಬಿಡ್ಲಿಲ್ಲ. ಶಿಕ್ಷೆ ನನಗಾಗ್ಲಿ, ಅವಳಿಗ್ಯಾಕೆ? ನೀನು ಹೋನಿ ಅಲ್ಲ ಅಂತ ಹೇಳ್ಬಿಡು. ಕಾಲಿಗೆ ಬೀಳ್ತೀನಿ."

ಒಲೆಯಲ್ಲಿ ಬಿಟ್ಟ ರೊಟ್ಟಿ ಸೀದ ವಾಸನೆ ಬಂತು. ಇಬ್ಬರೂ ಏಳಲಿಲ್ಲ.

"ಅವ್ವ ಬಾಗಿಲಲ್ಲೇ ಕೂತಿದ್ದಾಳೆ," ಎಂದ ಅವನು ಕೊನೆಗೆ. "ಯಾರಪ್ಪಾ ಅದು ಅಂದ್ಲು. ಅಷ್ಟರಲ್ಲಿ ಈ ಅಂಗಳದಲ್ಲಿ ನೀನು ಕಂಡೆ. ಮೊದ್ಲು ನಿನ್ನ ಮಾತಾಡಿಸಿ, ಆಮೇಲೆ ಹೇಳೋಣ ಅಂತ ಸುಮ್ನೆ ಬಂದೆ." ಕಣ್ಣೊರೆಸಿಕೊಂಡ. "ಹೇಳದೇ ಇದ್ದದ್ದು ಒಳ್ಳೇದಾಯ್ತು. ಹೋಗ್ತೀನಿ."

ಆದರೆ ಹೋಗಲು ಬಿಡಬೇಕಲ್ಲ. ಬಾವಿಯ ಹತ್ತಿರದ ಹೆಂಗಸರು ಅವನ ಹಣೆಯ ಬರೆ ಕಂಡಿದ್ದರು. ಸೆರೆಯಿಂದ ಬಿಡುಗಡೆಯಾದವನು ಊರಿಗೆ ಕಾಲಿಟ್ಟರೆ ಕಾಣೆಯಾದವರ ಕಡೆಯವರೆಲ್ಲ ಬಂದು ಸೇರುತ್ತಾರೆ, ಅವನು ಒಂದೊಂದೇ ಹೆಸರಿಗೆ ತನಗೆ ಗೊತ್ತಿದ್ದದ್ದನ್ನು ಹೇಳಿಯೇ ಹೋಗಬೇಕು. ಹಾಗೆ ಹೇಳದೆ ಹೋದವನು ಆ ಕಾಲದಲ್ಲಿ ಇರಲಿಲ್ಲ. ಅವನು ಓಣಿ ದಾಟುವುದರೊಳಗೆ ಹಲಫ್ತ ಕೋಲೂರಿಕೊಂಡು ಅಡ್ಡ ಬಂದು, ಕಣದ ಪಕ್ಕದ ಅಂಜೂರದ ಮರದಡಿ ಅವನನ್ನು ಕೂರಿಸಿದರು. ಹೋನಿಯಾಗಿದ್ದ ಮನುಷ್ಯನ ಗುರುತು ಅವರಿಗೂ ಹತ್ತಲಿಲ್ಲ, ಯಾರಿಗೂ ಹತ್ತಲಿಲ್ಲ. ಗಣಿ ಅವನಲ್ಲಿ ಗುರುತು ಹಿಡಿಯುವಂಥದ್ದನ್ನು ಉಳಿಸಿರಲಿಲ್ಲ. ಇಬ್ಬರು ಮೂವರ ಹೆಸರು ಬಂತು, ಗೊತ್ತಿಲ್ಲ ಎಂದ. ಗಾಣದಿಂದ ಬೆನಾಯ ಬಂದ, ಯೆದೀದಾ ಅವನ ಬೆರಳು ಹಿಡಿದಿದ್ದಳು. ಬಡಗಿಯ ಹೆಂಡತಿ ಹನ್ನಾಳನ್ನು ಕೈಹಿಡಿದು ಕರೆತಂದಳು.

"ಹೋನಿ ಅಂತಪ್ಪಾ," ಎಂದಳು ಮುದುಕಿ. "ಕಲ್ಲು ಬಟ್ಟಲು ಮಾಡೋನು. ಎತ್ತರದ ಆಳು, ನಗುಮುಖ. ನನಗೆ ಅವನೊಬ್ಬನೇ. ಕಂಡಿದ್ಯಾ?"

ಶಫೀರಾ ಗುಂಪಿನ ಹಿಂದೆ ನಿಂತಿದ್ದಳು. ಅವನು ಗೊತ್ತಿಲ್ಲ ಎಂದರೂ ಸಾಕಿತ್ತು. ಆದರೆ ಗೊತ್ತಿಲ್ಲ ಎಂದರೆ ಮುದುಕಿ ನಾಳೆಯೂ ಬಾಗಿಲಲ್ಲಿ ಕೂತು ಬೈಯುತ್ತಾಳೆ, ಆ ಬೈಗುಳ ಒಂದಲ್ಲ ಒಂದು ದಿನ ಕಾನಾದವರ ಕಿವಿಗೆ ಬೀಳುತ್ತದೆ. ಅವನಿಗೂ ಇದು ಹೊಳೆದಿರಬೇಕು. ಹುಡುಗಿಯನ್ನು ಒಮ್ಮೆ ನೋಡಿದ.

"ಗೊತ್ತು ತಾಯಿ," ಎಂದ. "ಸಿಪ್ಪೋರಿಯ ಇಳಿಜಾರಲ್ಲೇ ಸತ್ತ. ಬೆಂಕಿ ಬಿದ್ದ ದಿನವೇ."

ಹಲಫ್ತ ಮುಂದಕ್ಕೆ ಬಾಗಿದರು. "ಮುಖ ನೋಡಿದೆಯೇನಪ್ಪಾ?"

"ನೋಡಿದೆ. ಮೂಗು, ಕಣ್ಣು, ಎಲ್ಲ ನೋಡಿದೆ. ನಾನೇ ಮಣ್ಣು ಮುಚ್ಚಿದೆ."

ಹನ್ನೊಂದು ವರ್ಷ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಂತೆ ಹಲಫ್ತ ಉಸಿರುಬಿಟ್ಟರು. ಅಂದು ತಾವು ಕೊಟ್ಟ ತೀರ್ಪು ಸರಿಯೇ ಇತ್ತೆಂದು ಎಲ್ಲರೆದುರು ಅತ್ತರು.

ಹನ್ನಾ ಇನ್ನೂ ಬಿಡಲಿಲ್ಲ. "ಕಂಬಳಿ ಯಾರಿಗೋ ಕೊಟ್ಟಿರ್ತಾನೆ ನನ್ನ ಮಗ. ನೀನು ಕಂಡವನ ಮೈಮೇಲೆ ಕಂಬಳಿ ಇತ್ತಾ?"

"ಇತ್ತು ತಾಯಿ. ಅವನದೇ."

ಮುದುಕಿ ಎರಡೂ ಕೈಯಲ್ಲಿ ಅಂಗಿಯ ಕೊರಳು ಹಿಡಿದು ಎಳೆದಳು. ಬಟ್ಟೆ ಗಟ್ಟಿಯಿತ್ತು, ಕೈಯಲ್ಲಿ ಶಕ್ತಿಯಿರಲಿಲ್ಲ. ಎರಡನೆಯ ಎಳೆತಕ್ಕೆ ಎದೆಯವರೆಗೆ ಹರಿಯಿತು. ಆಮೇಲೆ ಅವಳು ಅತ್ತದ್ದನ್ನು ಹೇಳಲು ಬಾಯಿ ಬರುವುದಿಲ್ಲ. ಹನ್ನೊಂದು ವರ್ಷ ಅಳದೇ ಇದ್ದದ್ದನ್ನೆಲ್ಲ ಅತ್ತಳು. ಹೋನಿ ಎರಡು ಮೊಳ ದೂರದಲ್ಲಿ ಕೂತು ತನ್ನ ತಾಯಿ ತನಗಾಗಿ ಅಳುವುದನ್ನು ಕೇಳಿದ. ಅವಳ ಕಡೆಗೆ ಕೈ ಚಾಚಿದರೆ ಸಿಗುತ್ತಿದ್ದಳು. ಚಾಚಲಿಲ್ಲ. ಹೊತ್ತು ಇಳಿಯುವ ಮುಂಚೆ ಎದ್ದು ಸಮುದ್ರದ ದಿಕ್ಕಿಗೆ ಹೊರಟವನನ್ನು ಆಮೇಲೆ ಯಾರೂ ಕಾಣಲಿಲ್ಲ.

ಏಳು ದಿನದ ಶೋಕಕ್ಕೆ ಹನ್ನಾ ನೆಲದ ಮೇಲೆ ಕೂತಳು. ಶೋಕದ ಮನೆಯವರು ಮೊದಲ ದಿನ ತಮ್ಮ ಅಡುಗೆ ಉಣ್ಣುವಂತಿಲ್ಲ, ನೆರೆಯವರು ತರಬೇಕು. ಶಫೀರಾ ಚನ್ನಂಗಿ ಬೇಳೆ ಬೇಯಿಸಿ, ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು ಹೋದಳು. ಮುದುಕಿ ಹೆಜ್ಜೆ ಸದ್ದು ಕೇಳಿ ತಲೆಯೆತ್ತಿದಳು. ಶಫೀರಾ ಬೈಗುಳ ಬರಲೆಂದೇ ಕಾದಳು. ಬಂದಿದ್ದರೆ ಅವಳಿಗೆ ಎಷ್ಟೋ ಸುಖವಾಗುತ್ತಿತ್ತು.

"ಬಾ ಮಗಳೇ," ಎಂದಳು ಹನ್ನಾ. "ಇಷ್ಟು ವರ್ಷ ನಿನ್ನನ್ನ ಬಾಯಿಗೆ ಬಂದಂಗೆ ಬೈದೆ. ನೀನು ಸರಿಯಾಗೇ ಇದ್ದೆ. ನನ್ನ ಕ್ಷಮಿಸು."

ಶಫೀರಾ ಬೇಳೆಯ ಪಾತ್ರೆಯನ್ನು ಅವಳ ಮುಂದಿಟ್ಟಳು. ಮುದುಕಿ ಎರಡನೆಯ ಸಲ ಕೇಳಿದಳು. ಮೂರು ಸಲ ಕೇಳಿದರೂ ಕ್ಷಮಿಸದವರದ್ದೇ ಪಾಪ ಎನ್ನುತ್ತಾರೆ ನಮ್ಮಲ್ಲಿ, ಅದಕ್ಕೆ ಮೂರನೆಯ ಸಲವೂ ಕೈಜೋಡಿಸಿ ಕೇಳಿದಳು.

"ಕ್ಷಮಿಸಿದೆ ಅತ್ತೆ," ಎಂದಳು ಶಫೀರಾ.

ಹನ್ನಾ ತಡವರಿಸಿ ಅವಳ ಕೈ ಹುಡುಕಿ ಹಿಡಿದು, ಬಟ್ಟೆ ಸುತ್ತಿದ್ದು ಬೆರಳಿಗೆ ಸಿಕ್ಕಿ, ಕೈಗೇನಾಯ್ತು ಮಗಳೇ ಎಂದು ಕೇಳಿದಳು. ಒಲೆ ತಗುಲಿತು ಎಂದಳು ಶಫೀರಾ. ಜೋಪಾನ ಎಂದು ಹೇಳಿ, ಮುದುಕಿ ಬೇಳೆಯನ್ನು ಹತ್ತಿರಕ್ಕೆ ಎಳೆದುಕೊಂಡು ಉಣ್ಣತೊಡಗಿದಳು.