ಬಸ್ಸು ಹತ್ತಿದ ಕಾಡುಮಣ್ಣು

ಬನ್ನೇರುಘಟ್ಟದಿಂದ ಹೊರಟ ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ಜಯನಗರದಲ್ಲಿ ಹೊಸ ಮನೆ ಕಟ್ಟಿದ ಮೇಷ್ಟರು. ಕಾಲ ಬಳಿ ಗೋಣಿಚೀಲದ ತುಂಬ ಕಾಡಿನ ಮಣ್ಣು. ಮಣ್ಣು ಬಸ್ಸು ಹತ್ತುವುದನ್ನು ನಾನು ಇಲ್ಲೇ ನೋಡಿದ್ದು.

"ಜಯನಗರದಲ್ಲಿ ಮಣ್ಣಿಲ್ವಾ ಸಾರ್?" ಎಂದ ಕಂಡಕ್ಟರು.

"ಲೇಔಟ್ ಮಾಡೋವಾಗ ಮೇಲ್ಮಣ್ಣೆಲ್ಲ ಕೆರೆದು ಹಾಕಿದಾರಪ್ಪ. ಹಲಸಿನ ಸಸಿ ಏಳ್ತಾನೇ ಇಲ್ಲ." ಮೇಷ್ಟರು ಚೀಲ ಬಿಚ್ಚಿದರು. ಮಣ್ಣಿನ ತುಂಬ ನೂಲಿನಂಥ ಬಿಳಿ ಎಳೆಗಳು, ಅಣಬೆಯ ವಾಸನೆ. "ಈ ಬೂಷ್ಟೇ ಬೇರಿಗೆ ಸಾರ ಎಳೆದುಕೊಡೋದು."

ಗೊಟ್ಟಿಗೆರೆಯಲ್ಲಿ ಹತ್ತಿದ ಮುದುಕಿಯೊಬ್ಬಳು ಒಂದು ಚಿಟಿಕೆ ಮಣ್ಣು ತೆಗೆದು ಮೂಸಿ, ಮೇಷ್ಟರ ಮನೆ ಎಲ್ಲಿ ಎಂದು ಕೇಳಿದಳು.

"ಕಲ್ಲುಬಾವಿ ಪಕ್ಕ."

"ಲೇಔಟ್ ಆಗೋಕೆ ಮುಂಚೆ ಅದು ನಮ್ಮ ಹಲಸಿನ ತೋಪು ಸಾಮಿ. ಅಲ್ಲೂ ಇಂಥದೇ ಮಣ್ಣಿತ್ತು."

ಮುದುಕಿ ಬೆರಳಿಗೆ ಅಂಟಿದ್ದನ್ನೂ ಚೀಲದೊಳಗೇ ಉದುರಿಸಿದಳು.